ಮೂಕ್ ಯಾಕೆ ಮೂಕವಾಯ್ತು?

ಫೋನು ಇರೋದೇ ಮಾತಾಡೋಕೆ. ತರಗತಿಯೂ ಅಷ್ಟೇ. ಅರ್ಧ ಮೇಷ್ಟ್ರ ಮಾತು, ಇನ್ನರ್ಧ ಪಕ್ಕದ ಬೆಂಚಿನ ಪಿಸುಮಾತು. ಇವೆರಡನ್ನೂ ಒಂದುಗೂಡಿಸಿದರೆ ಸಂತೆಯಷ್ಟು ಗದ್ದಲ ಏಳಬೇಕಿತ್ತು. ಆಗಿದ್ದೇನು? ಬೆಳಿಗ್ಗೆ ಎಂಟೂವರೆಗೆ ನೇರಳೆ ಮಾರ್ಗದ ಮೆಟ್ರೋ ಹತ್ತಿ ನೋಡಿ. ನಿಂತವರಲ್ಲಿ ಮೂರ್ನಾಲ್ಕು ಜನ ಇಯರ್‌ಬಡ್ ಸಿಕ್ಕಿಸಿಕೊಂಡು ಒಂದೂವರೆ ಪಟ್ಟು ವೇಗದಲ್ಲಿ ಪಾಠ ಕೇಳ್ತಿರ್ತಾರೆ. ಒಬ್ಬರದು ಪೈಥಾನ್, ಇನ್ನೊಬ್ಬರದು ಪ್ರಾಡಕ್ಟ್ ಮ್ಯಾನೇಜ್‌ಮೆಂಟ್. ಮೊಣಕೈಗೆ ಮೊಣಕೈ ತಾಗಿಸಿ ನಿಂತ ಇಬ್ಬರು ಒಂದೇ ಕೋರ್ಸಿನ ಒಂದೇ ವಾರದ ಪಾಠ ನೋಡ್ತಿದ್ದರೂ ಅದು ಅವರಿಗೆ ಗೊತ್ತಾಗೋ ದಾರಿಯೇ ಇಲ್ಲ.

ಕಲಿಯುವವರ ನಡುವೆ ಮಾತು ಬೆಳೆಸೋಕೆ ಆನ್‌ಲೈನ್ ಕೋರ್ಸನ್ನು ಮೊಬೈಲಿಗೆ ತಂದುಬಿಟ್ಟರೆ ಸಾಕು ಅನ್ನೋ ಮಾತನ್ನ ಹತ್ತು ಹದಿನೈದು ವರ್ಷದಿಂದ ಕೇಳ್ತಾ ಬಂದಿದ್ದೀನಿ. ಫೋನು ಸದಾ ಕೈಯಲ್ಲಿರುತ್ತೆ, ಆದ್ದರಿಂದ ಕಲಿಕೆಯೂ ಸದಾ ನಡೆಯುತ್ತೆ, ಆದ್ದರಿಂದ ಮಾತುಕತೆಯೂ ನಡೆಯುತ್ತೆ, ಅಂತ ಈ ವಾದ ಸಾಗುತ್ತೆ. ಮೊದಲೆರಡನ್ನು ಹೇಗೋ ಒಪ್ಪಬಹುದು. ಮೂರನೇ ‘ಆದ್ದರಿಂದ’ದ ಹತ್ತಿರ ಏನೋ ಒಂದು ಬಿಟ್ಟುಹೋಗಿದೆ. ಈ ಲೇಖನ ಅದರ ಬಗ್ಗೆ.

ಇಂಥ ಮುಕ್ತ ಕೋರ್ಸುಗಳಿಗೆ ಇಂಗ್ಲಿಷಿನಲ್ಲಿ ‘ಮೂಕ್’ ಅಂತಾರೆ. ಮ್ಯಾಸಿವ್ ಓಪನ್ ಆನ್‌ಲೈನ್ ಕೋರ್ಸ್ ಅನ್ನೋದರ ಮೊದಲಕ್ಷರಗಳು. 2008ರಲ್ಲಿ ಡೇವ್ ಕಾರ್ಮಿಯರ್ ಈ ಹೆಸರಿಡುವಾಗ ಕನ್ನಡದಲ್ಲಿ ಅದು ಹೇಗೆ ಕೇಳಿಸುತ್ತೆ ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ ಬಿಡಿ. ತಮಾಷೆ ಏನಂದ್ರೆ, ಯಾವ ಕೋರ್ಸಿಗೆ ಆ ಹೆಸರು ಬಂತೋ ಅದು ಮೂಕ ಆಗಿರಲೇ ಇಲ್ಲ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಸೀಮನ್ಸ್ ಮತ್ತು ಸ್ಟೀಫನ್ ಡೌನ್ಸ್ ನಡೆಸಿದ ಕೋರ್ಸ್ ಅದು. ಫೀ ಕಟ್ಟಿದವರು ಸುಮಾರು 25 ಮಂದಿ. ಬಾಗಿಲು ತೆರೆದಿಟ್ಟಿದ್ದರಿಂದ ಬಿಟ್ಟಿಯಾಗಿ ಬಂದು ಸೇರಿಕೊಂಡವರು 2,200ರ ಆಸುಪಾಸು. ಓದಿದವರು ತಮ್ಮ ತಮ್ಮ ಜಾಗದಲ್ಲಿ ಬರೀತಿದ್ದರು, ಒಬ್ಬರಿಗೊಬ್ಬರು ಉತ್ತರ ಕೊಡ್ತಿದ್ದರು, ಅದನ್ನೆಲ್ಲ ಒಟ್ಟು ಮಾಡಿ ದಿನಾ ಒಂದು ಇಮೇಲ್ ಹೋಗ್ತಿತ್ತು. ಅಲ್ಲಿ ಪಾಠ ಆದ್ಮೇಲೆ ಚರ್ಚೆ ಅಂತ ಬೇರೆ ಇರಲಿಲ್ಲ. ಚರ್ಚೆಯೇ ಪಾಠ.

2011ರ ಏಪ್ರಿಲ್‌ನಲ್ಲಿ ಇದೇ ದಾರಿಯಲ್ಲಿ ‘ಮೊಬಿಮೂಕ್’ ಬಂತು. ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿದ್ದ ಇಂಗೆ ಡೆ ವಾರ್ಡ್ ಕಟ್ಟಿದ ಆರು ವಾರದ ಕೋರ್ಸ್. ವಿಷಯವೇ ಮೊಬೈಲ್ ಕಲಿಕೆ. ಮೂಕ್ ಮತ್ತು ಮೊಬೈಲನ್ನು ಸೇರಿಸಿದರೆ ಏನಾಗುತ್ತೆ ಅಂತ ಕೋರ್ಸಿನ ಮೇಲೇ ಪ್ರಯೋಗ ಮಾಡಿದ ಹಾಗಾಯ್ತು. ಐನೂರಕ್ಕೂ ಹೆಚ್ಚು ಜನ ಸೇರಿದರು. ಬಾಯಿಬಿಟ್ಟು ಮಾತಾಡಿದವರು ಅದರಲ್ಲಿ ಸಣ್ಣ ಪಾಲು, ಮಿಕ್ಕವರು ಗೋಡೆಗೊರಗಿ ನೋಡಿದವರು. ಆದರೆ ಆ ಸಣ್ಣ ಪಾಲಿನೊಳಗಿಂದಲೇ ಬೇರೆ ಬೇರೆ ದೇಶದ ಕೆಲವರು ಕೋರ್ಸ್ ಮುಗಿದ ಮೇಲೂ ಜೊತೆಗೆ ಉಳಿದು, ತಾವು ಕಲಿತ ರೀತಿಯ ಬಗ್ಗೆ ಒಟ್ಟಾಗಿ ಸಂಶೋಧನಾ ಲೇಖನ ಬರೆದರು. ನನಗೆ ಇದು ಐನೂರು ಅನ್ನೋ ಸಂಖ್ಯೆಗಿಂತ ದೊಡ್ಡ ಸುದ್ದಿ. ಪರಿಚಯ ಹುಟ್ಟಿದ್ದು ಕೈಯೆಣಿಕೆಯ ಜನರ ನಡುವೆ.

ಅದೇ ವರ್ಷದ ಕೊನೆಗೆ ಗಾಳಿ ತಿರುಗಿತು. ಸ್ಟ್ಯಾನ್‌ಫರ್ಡ್‌ನ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಅವರ ಕೃತಕ ಬುದ್ಧಿಮತ್ತೆ ಕೋರ್ಸಿಗೆ 1,60,000ದಷ್ಟು ಜನ ಹೆಸರು ಕೊಟ್ಟರು. ಮರುವರ್ಷ ಕೋರ್ಸೆರಾ ಬಂತು, ಎಡ್ಎಕ್ಸ್ ಬಂತು. ಲಕ್ಷ ಜನಕ್ಕೆ ಹಂಚೋಕೆ ಸುಲಭವಾಗಿ ಸಿಗೋದು ವಿಡಿಯೋ, ಮತ್ತೆ ತಾನೇ ಅಂಕ ಹಾಕಿಕೊಳ್ಳುವ ಕ್ವಿಜ್. ಮಾತುಕತೆಯನ್ನು ಹಾಗೆ ಹಂಚೋಕಾಗಲ್ಲ. ಹಾಗಾಗಿ ಕೋರ್ಸ್ ಅಂದ್ರೆ ವಿಡಿಯೋ ಮತ್ತು ಕ್ವಿಜ್ ಅಂತ ಆಗಿಹೋಯ್ತು, ಮಾತು ಪಕ್ಕದ ಟ್ಯಾಬಿಗೆ ಹೋಯ್ತು. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಜಸ್ಟಿನ್ ರೀಕ್ ಮತ್ತು ಹೊಸೆ ರುಯಿಪೆರೆಸ್-ವಾಲಿಯೆಂತೆ, ಹಾರ್ವರ್ಡ್ ಮತ್ತು ಎಂಐಟಿ ಎಡ್ಎಕ್ಸ್‌ನಲ್ಲಿ ಕೊಟ್ಟ ಕೋರ್ಸುಗಳ ಲೆಕ್ಕ ಹಾಕಿ ತೋರಿಸಿದರು: 2017-18ರಲ್ಲಿ ಹೆಸರು ಕೊಟ್ಟವರಲ್ಲಿ ಮುಗಿಸಿದವರು ಶೇ. 3.13. ಅದಕ್ಕೂ ಹಿಂದಿನ ವರ್ಷಗಳಿಗಿಂತ ಇದು ಕಡಿಮೆ. ಈ ಅಂಕಿಯನ್ನು ಹಿಡ್ಕೊಂಡು ಮೂಕ್‌ಗಳನ್ನ ಬಯ್ಯೋದು ಈಗ ಹಳೇ ಚಟ. ನನಗೆ ಅದರಲ್ಲಿ ಆಸಕ್ತಿ ಇಲ್ಲ. ಲೈಬ್ರರಿಯಿಂದ ತಂದ ಪುಸ್ತಕವನ್ನೆಲ್ಲ ಯಾರು ಪೂರ್ತಿ ಓದ್ತಾರೆ? ಆದರೆ ಬಿಟ್ಟು ಹೋದ ಆ ತೊಂಬತ್ತಾರು ಚಿಲ್ಲರೆ ಮಂದಿಯಲ್ಲಿ ಎಷ್ಟು ಜನರನ್ನ ಯಾರಾದರೂ ಒಬ್ಬರು ‘ಯಾಕಪ್ಪಾ, ಈ ವಾರ ಕಾಣಲಿಲ್ಲ’ ಅಂತ ಕೇಳಿದ್ದಾರು?

ನಮ್ಮ ದೇಶಕ್ಕೆ ಬರೋಣ. 2017ರ ಜುಲೈನಲ್ಲಿ ಶುರುವಾದ ಸ್ವಯಂ ಪೋರ್ಟಲ್ಲಿನ ವಿನ್ಯಾಸಕ್ಕೆ ನಾಲ್ಕು ಭಾಗ: ವಿಡಿಯೋ ಪಾಠ, ಓದುವ ಸಾಮಗ್ರಿ, ತಾನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆ, ಮತ್ತು ಚರ್ಚೆ. ನೋಡಿ, ಕಾಗದದ ಮೇಲೆ ಚರ್ಚೆಗೆ ಕಾಲು ಭಾಗ ಜಾಗ ಇದೆ. ಮಾಡಿದವರಿಗೆ ವಿಷಯ ಗೊತ್ತಿತ್ತು, ಅದರಲ್ಲಿ ಸಂಶಯ ಇಲ್ಲ. ಐಐಟಿಗಳೂ ನಮ್ಮ ಐಐಎಸ್ಸಿಯೂ ಸೇರಿ ನಡೆಸುವ ಎನ್‌ಪಿಟೆಲ್ ಕೋರ್ಸುಗಳು ಸಿಗೋದೂ ಇಲ್ಲೇ. ಪಾಠಗಳ ಗುಣಮಟ್ಟದ ಬಗ್ಗೆ ನನ್ನ ತಕರಾರಿಲ್ಲ. ಕೆಲವು ಮೇಷ್ಟ್ರುಗಳನ್ನ ಕೇಳ್ತಾ ಕೂತರೆ, ಇವರು ನಮ್ಮ ಕಾಲೇಜಲ್ಲಿ ಇದ್ದಿದ್ರೆ ನಾನು ಬೇರೇನೋ ಆಗ್ತಿದ್ದೆ ಅಂತ ಅನ್ನಿಸಿದ್ದುಂಟು.

ಆದರೆ ಅಂಕದ ಲೆಕ್ಕ ನೋಡಿ. ಎನ್‌ಪಿಟೆಲ್‌ನ ಸಾಮಾನ್ಯ ಸೂತ್ರದಲ್ಲಿ ವಾರದ ಅಸೈನ್‌ಮೆಂಟುಗಳಿಗೆ ಶೇ. 25, ಕೊನೆಯ ಪರೀಕ್ಷೆಗೆ ಶೇ. 75. ಮಾತಿಗೆ ಸೊನ್ನೆ. ಒಬ್ಬಳು ಹನ್ನೆರಡು ವಾರ ಹತ್ತು ಜನರ ಅನುಮಾನ ಪರಿಹರಿಸಿದರೂ, ಇನ್ನೊಬ್ಬ ಒಂದಕ್ಷರ ಬರೆಯದೆ ಇದ್ದರೂ ಸರ್ಟಿಫಿಕೇಟು ಒಂದೇ. ಹೀಗಿದ್ದಾಗ ಚರ್ಚೆಯ ಜಾಗದಲ್ಲಿ ಏನು ತುಂಬಿಕೊಳ್ಳುತ್ತೆ? ಸರ್, ಡೆಡ್‌ಲೈನ್ ಮುಂದೆ ಹಾಕಿ. ಸರ್, ಹಾಲ್ ಟಿಕೆಟ್ ಯಾವಾಗ? ಸರ್, ಐದನೇ ಪ್ರಶ್ನೆಯ ಕೀ ತಪ್ಪಿದೆ. ಇದೂ ಮಾತೇ, ಇಲ್ಲ ಅನ್ನಲ್ಲ. ರೇಷನ್ ಅಂಗಡಿ ಕ್ಯೂನಲ್ಲಿ ಆಡುವಂಥ ಮಾತು.

ಹಾಗಂತ ನಮ್ಮ ಹುಡುಗರು ಮಾತಾಡೋದೇ ಇಲ್ಲ ಅಂತಲ್ಲ ಮಾರಾಯ್ರೇ. ಕೋರ್ಸಿನ ಹೆಸರು ಹಾಕಿ, ಪಕ್ಕದಲ್ಲಿ ‘ವೀಕ್ 3 ಆನ್ಸರ್’ ಅಂತ ಹುಡುಕಿ ನೋಡಿ. ಟೆಲಿಗ್ರಾಮ್ ಗುಂಪುಗಳು, ಯೂಟ್ಯೂಬ್ ಚಾನೆಲ್ಲುಗಳು, ವಾಟ್ಸಾಪ್ ಫಾರ್ವರ್ಡುಗಳು. ಅಸೈನ್‌ಮೆಂಟ್ ಬಂದು ರಾತ್ರಿ ಕಳೆಯೋದರೊಳಗೆ ಉತ್ತರ ಹಾಜರು. ಮೂಕ್ ಮತ್ತು ಮೊಬೈಲು ಸೇರಿ ಕಲಿಯುವವರ ನಡುವೆ ಒಡನಾಟ ಬೆಳೆಸೋದು ಹೇಗೆ ಅಂತ ಪ್ರಬಂಧ ಬರೆಯೋರು ಮೊದಲು ಇದನ್ನ ನೋಡಬೇಕು. ಒಡನಾಟ ಭರ್ಜರಿಯಾಗಿ ಆಗಿದೆ, ಅದೂ ಮೊಬೈಲಲ್ಲೇ ಆಗಿದೆ. ಕೋರ್ಸು ಯಾವುದಕ್ಕೆ ಬೆಲೆ ಕಟ್ಟಿತೋ ಅದನ್ನೇ ಅವರು ಹಂಚಿಕೊಂಡರು. ಇದಕ್ಕೆ ಹುಡುಗರ ನೀತಿಯನ್ನು ಹಳಿಯೋದು ಸುಲಭ. ನಾನಾದರೆ ಆ ಸೂತ್ರ ಬರೆದವರ ಕಡೆ ಬೆರಳು ತೋರಿಸ್ತೀನಿ.

ಇದನ್ನ ಸರಿಯಾಗಿ ಯೋಚಿಸಿದವರು ಯಾರೂ ಇಲ್ಲವೇ ಅಂದ್ರೆ, ಇದ್ದರು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 2012ರ ಕೊನೆಗೆ ಘೋಷಿಸಿ ಮರುವರ್ಷ ಕೋರ್ಸ್ ಶುರುಮಾಡಿದ ಫ್ಯೂಚರ್‌ಲರ್ನ್. ಅದರ ಶೈಕ್ಷಣಿಕ ನೇತೃತ್ವ ಮೈಕ್ ಶಾರ್ಪಲ್ಸ್ ಅವರದು. ಇವರು ಮೊಬೈಲ್ ಕಲಿಕೆಯ ಬಗ್ಗೆ ಸ್ಮಾರ್ಟ್‌ಫೋನು ಬರುವುದಕ್ಕೂ ಮೊದಲಿಂದ ಕೆಲಸ ಮಾಡಿದವರು. ಕಲಿಕೆ ಅಂದ್ರೆ ಸಂಭಾಷಣೆ, ಅದು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ನಮ್ಮ ಜೊತೆ ನಡ್ಕೊಂಡು ಹೋಗುತ್ತೆ ಅನ್ನೋದು ಅವರ ನಿಲುವು. ಫ್ಯೂಚರ್‌ಲರ್ನ್‌ನಲ್ಲಿ ಚರ್ಚೆಗೆ ಬೇರೆ ಕೋಣೆ ಇಡಲಿಲ್ಲ. ಪಾಠದ ಪ್ರತಿ ಮೆಟ್ಟಿಲಿಗೂ ಅಂಟಿಕೊಂಡೇ ಮಾತು. ವಿಡಿಯೋ ನೋಡಿದ್ರಾ, ಅಲ್ಲೇ ಪಕ್ಕದಲ್ಲಿ ಬೇರೆಯವರು ಅದರ ಬಗ್ಗೆ ಏನಂದ್ರು ಅಂತ ಕಾಣುತ್ತೆ. ಫೋನಿನ ಪುಟ್ಟ ಪರದೆಯಲ್ಲೂ ಓದುವ ಹಾಗೆ ಮೊದಲಿಂದಲೇ ರೂಪಿಸಿದ್ದರು. ನಾನು ನೋಡಿದ ದೊಡ್ಡ ವೇದಿಕೆಗಳಲ್ಲಿ ಮಾತನ್ನು ಅಂಗಳದಿಂದ ನಡುಮನೆಗೆ ಕರೆದದ್ದು ಇದೊಂದೇ.

ಆದರೂ ಒಂದು ತೊಡಕಿತ್ತು. ಹತ್ತಿಪ್ಪತ್ತು ಸಾವಿರ ಜನ ಇರೋ ಕೋರ್ಸಿನಲ್ಲಿ ಒಂದೊಂದು ಮೆಟ್ಟಿಲಿಗೂ ನೂರಾರು ಅಭಿಪ್ರಾಯ ಸೇರಿಕೊಳ್ಳುತ್ತೆ. ನಾನೂ ಒಂದಿಷ್ಟು ಬರೆದೆ ಅಂದುಕೊಳ್ಳಿ. ಹತ್ತು ನಿಮಿಷದಲ್ಲಿ ಅದು ಎಲ್ಲೋ ಕೆಳಗೆ. ಒಂದು ಲೈಕ್ ಬೀಳಬಹುದು, ಅದೂ ಕೀನ್ಯಾದಿಂದಲೋ ಸ್ಕಾಟ್ಲೆಂಡಿಂದಲೋ. ಸಂತೋಷವೇ. ಆದರೆ ನಾಳೆ ಮತ್ತೆ ಅದೇ ವ್ಯಕ್ತಿ ಸಿಗಲ್ಲ. ಜಾತ್ರೆಯಲ್ಲಿ ಎಷ್ಟೊಂದು ಜನ ಸಿಕ್ತಾರೆ, ಯಾರ ಹತ್ರ ಮಾತಾಡ್ತೀರಿ? ಊರಿಂದ ಜೊತೆಗೆ ಬಂದವರ ಹತ್ರ ಮಾತ್ರ. 2022ರ ಕೊನೆಗೆ ಫ್ಯೂಚರ್‌ಲರ್ನ್ ಗ್ಲೋಬಲ್ ಯೂನಿವರ್ಸಿಟಿ ಸಿಸ್ಟಮ್ಸ್‌ಗೆ ಮಾರಾಟವಾಯ್ತು.

ಹಾಗಾದರೆ ಮೊಬೈಲ್ ಆ್ಯಪ್‌ಗಳು ಮಾಡಿದ್ದೇನು? ನನ್ನ ಪ್ರಕಾರ, ಮಾತನ್ನು ತೆಗೆದು ಆ ಜಾಗದಲ್ಲಿ ಬೆಂಕಿ ಚಿಹ್ನೆ ಇಟ್ಟವು. ಸತತ ಇಷ್ಟು ದಿನ ಕಲಿತಿರಿ, ಭೇಷ್. ಪಟ್ಟಿಯಲ್ಲಿ ನೀವು ಏಳನೇ ಸ್ಥಾನ, ಇನ್ನೊಂದು ಪಾಠ ಮಾಡಿದರೆ ಆರನೆಯದು. ಭಾಷೆ ಕಲಿಸುವ ಡ್ಯುವೊಲಿಂಗೊ ತನ್ನ ಚರ್ಚಾ ವೇದಿಕೆಯನ್ನ 2022ರ ಮಾರ್ಚ್‌ನಲ್ಲಿ ಮುಚ್ಚಿತು. ‘ಇಲ್ಲಿ ಯಾಕೆ ಈ ವಿಭಕ್ತಿ ಬಂತು?’ ಅಂತ ಒಬ್ಬ ಕೇಳಿ, ಆ ಭಾಷೆಯವರೇ ಯಾರೋ ಬಂದು ಬಿಡಿಸಿ ಹೇಳ್ತಿದ್ದ ಜಾಗ ಅದು. ಭಾಷೆ ಕಲಿಯೋಕೆ ಬಂದವರಿಗೆ ಮಾತಾಡುವ ಜಾಗ ಮುಚ್ಚಿ, ಲೀಡರ್‌ಬೋರ್ಡ್ ಉಳಿಸಿಕೊಂಡರು. ಇದಕ್ಕಿಂತ ಸ್ಪಷ್ಟವಾಗಿ ಯಾರೂ ತಮ್ಮ ಆದ್ಯತೆ ಹೇಳಲಾರರು. ನಾನು ಹಿಂದೆ ಕೆಲಸ ಮಾಡಿದ ಒಂದು ಕಂಪನಿಯ ಕಲಿಕೆ ಆ್ಯಪಿನದೂ ಇದೇ ಕಥೆ. ವರ್ಷಕ್ಕೆ ನಲವತ್ತು ಗಂಟೆ ಆಗಲೇಬೇಕು, ಟೀಮಿನಲ್ಲಿ ಯಾರದು ಎಷ್ಟಾಯ್ತು ಅಂತ ಎಲ್ಲರಿಗೂ ಕಾಣುತ್ತೆ. ಮಾರ್ಚ್ ಬಂತು ಅಂದ್ರೆ ಡೆಸ್ಕಿನ ಮೇಲೆ ಫೋನು ಮ್ಯೂಟಲ್ಲಿ ಪಾಠ ಮಾಡ್ಕೊಂಡಿರೋದು, ನಾವು ಪಕ್ಕದಲ್ಲಿ ನಮ್ಮ ಕೆಲಸ ಮಾಡ್ಕೊಂಡಿರೋದು. ಅಪ್ರೈಸಲ್ ಹತ್ತಿರ ಬಂದಾಗ ಎಲ್ಲರೂ ವಿದ್ಯಾವಂತರು.

ಇನ್ನೊಂದು ಸಣ್ಣ ವಿಷಯ, ಸಣ್ಣದು ಅಂತ ಬಿಡುವಂಥದ್ದಲ್ಲ. ಈ ಚರ್ಚೆಯ ಜಾಗಗಳೆಲ್ಲ ಬಯಸೋದು ಟೈಪ್ ಮಾಡಿದ ಇಂಗ್ಲಿಷನ್ನ. ಫೋನಿನಲ್ಲಿ, ಹೆಬ್ಬೆರಳಲ್ಲಿ, ಸಾವಿರಾರು ಅಪರಿಚಿತರು ಓದುವ ಕಡೆ, ತನಗೆ ಅರ್ಥವಾಗದ್ದು ಏನು ಅಂತ ಸರಿಯಾದ ಇಂಗ್ಲಿಷಿನಲ್ಲಿ ಬರೀಬೇಕು. ಎನ್‌ಪಿಟೆಲ್ ಪಾಠಗಳ ಪಠ್ಯರೂಪ ಕನ್ನಡಕ್ಕೂ ಬರ್ತಿದೆ, ಒಳ್ಳೆ ಕೆಲಸ. ಕೇಳಿಸಿಕೊಳ್ಳೋಕೆ ಕನ್ನಡ ಬಂತು ಅಂತಾಯ್ತು. ಕೇಳೋಕೆ?

ಈ ಮೂಕ್, ಮೊಬೈಲು ಯಾವುದೂ ಇಲ್ಲದ ಕಾಲದ ಒಂದು ಕಥೆ ಹೇಳ್ತೀನಿ. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ ಜೇಮ್ಸ್ ಗಿಬ್ಬನ್ಸ್ ಎದುರಿಗೆ ಒಂದು ಸಮಸ್ಯೆ ಬಂತು. ಸಾಂಟಾ ರೋಸಾದಲ್ಲಿದ್ದ ಹ್ಯೂಲೆಟ್-ಪ್ಯಾಕರ್ಡ್ ಎಂಜಿನಿಯರುಗಳಿಗೆ ಪಾಠ ಬೇಕು, ದೂರ ಜಾಸ್ತಿ, ನೇರ ಟಿವಿ ಪ್ರಸಾರ ತಲುಪಲ್ಲ. ತರಗತಿಯನ್ನ ಹಾಗೇ ವಿಡಿಯೋ ಟೇಪ್ ಮಾಡಿ ಕಳಿಸಿದರು, ಜೊತೆಗೆ ಒಂದು ಷರತ್ತು. ಒಬ್ಬೊಬ್ಬರೇ ನೋಡೋ ಹಾಗಿಲ್ಲ. ಚಿಕ್ಕ ಗುಂಪಿನಲ್ಲಿ ಕೂರಬೇಕು, ಒಬ್ಬ ಸಹಾಯಕ ಇರಬೇಕು, ಆಗಾಗ ಟೇಪ್ ನಿಲ್ಲಿಸಿ ಮಾತಾಡಬೇಕು. ಆ ಸಹಾಯಕ ದೊಡ್ಡ ಪಂಡಿತನಾಗಬೇಕಿಲ್ಲ, ನಿಲ್ಲಿಸೋದು ಗೊತ್ತಿದ್ದರೆ ಸಾಕು. ಫಲಿತಾಂಶ 1977ರಲ್ಲಿ ‘ಸೈನ್ಸ್’ನಲ್ಲಿ ಪ್ರಕಟವಾಯ್ತು. ಕ್ಯಾಂಪಸ್ಸಿನಲ್ಲಿ ಅದೇ ಮೇಷ್ಟ್ರ ಎದುರು ಕೂತವರಿಗಿಂತ ಇವರು ಚೆನ್ನಾಗಿ ಮಾಡಿದ್ದರು. ಅದೇ ವಿಶ್ವವಿದ್ಯಾಲಯ ಮೂವತ್ತು ಚಿಲ್ಲರೆ ವರ್ಷದ ಮೇಲೆ ಲಕ್ಷ ಜನಕ್ಕೆ ವಿಡಿಯೋ ಹಂಚುವಾಗ ಟೇಪನ್ನ ತಗೊಂಡಿತು, ಷರತ್ತನ್ನ ಮರೆತಿತು.

ನಮ್ಮೂರಿನ ಉದಾಹರಣೆಯೂ ಇದೆ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ರಿಕಿನ್ ಗಾಂಧಿ ಮತ್ತು ಗೆಳೆಯರು ಶುರುಮಾಡಿದ ಡಿಜಿಟಲ್ ಗ್ರೀನ್, ಮೊದಲ ಪ್ರಯೋಗ ನಡೆಸಿದ್ದು ಕರ್ನಾಟಕದ ಹಳ್ಳಿಗಳಲ್ಲಿ, ಗ್ರೀನ್ ಫೌಂಡೇಶನ್ ಜೊತೆಗೂಡಿ. ವಿಡಿಯೋದಲ್ಲಿ ಇರೋದು ವಿಜ್ಞಾನಿಯಲ್ಲ, ಅದೇ ಸೀಮೆಯ ರೈತ. ಸಂಜೆ ಹೊತ್ತು ಗುಂಪು ಸೇರಿಸಿ ತೋರಿಸ್ತಿದ್ದರು. ಊರಿನವರೇ ಒಬ್ಬರು ನಡುನಡುವೆ ನಿಲ್ಲಿಸಿ ಕೇಳ್ತಿದ್ದರು, ಇದು ನಮ್ಮ ಹೊಲದಲ್ಲಿ ಆಗುತ್ತಾ, ಯಾರು ಮಾಡಿ ನೋಡ್ತೀರಿ? ಮತ್ತೆ ಮುಂದಿನ ಸಲ ಬಂದಾಗ ವಿಚಾರಿಸೋರು. ಗಿಬ್ಬನ್ಸ್ ಮಾಡಿದ್ದೂ ಇದನ್ನೇ, ಎಂಜಿನಿಯರ ಬದಲು ರೈತ ಅಷ್ಟೇ.

2012ರಲ್ಲಿ ಎಂಐಟಿಯ ಸರ್ಕ್ಯೂಟ್ಸ್ ಕೋರ್ಸಿನಲ್ಲಿ ಒಂದೂವರೆ ಲಕ್ಷ ಜನರ ನಡುವೆ ಪೂರ್ಣ ಅಂಕ ತೆಗೆದ ಮುನ್ನೂರು ಚಿಲ್ಲರೆ ಮಂದಿಯಲ್ಲಿ ಒಬ್ಬ ಮಂಗೋಲಿಯಾದ ಹದಿನೈದರ ಹುಡುಗ, ಬಟ್ಟುಶಿಗ್ ಮ್ಯಾಂಗನ್‌ಬಾಯರ್. ಇಂಟರ್ನೆಟ್ ಇದ್ದರೆ ಸಾಕು, ಮಂಗೋಲಿಯಾದ ಹುಡುಗನೂ ಎಂಐಟಿಗೆ ಹೋಗಬಹುದು ಅಂತ ಆ ಕಥೆಯನ್ನ ಹಲವರು ಹೇಳಿದರು. ಕಥೆಯ ಇನ್ನರ್ಧ ಏನಂದ್ರೆ, ಉಲಾನ್‌ಬಾತರಿನ ಅವನ ಶಾಲೆಯಲ್ಲಿ ಮುಖ್ಯೋಪಾಧ್ಯಾಯರೇ ಮುಂದೆ ನಿಂತು ಒಂದು ಗುಂಪಿಗೆ ಈ ಕೋರ್ಸನ್ನ ಒಟ್ಟಿಗೆ ಮಾಡಿಸಿದರು. ಸ್ಟ್ಯಾನ್‌ಫರ್ಡ್‌ನಿಂದ ಟೋನಿ ಕಿಮ್ ಅನ್ನೋ ವಿದ್ಯಾರ್ಥಿ ಪ್ರಯೋಗದ ಸಾಮಾನು ಹೊತ್ತುಕೊಂಡು ಅಲ್ಲಿಗೆ ಹೋಗಿ ಅವರಿಗೆ ಕಲಿಸಿದರು. ಹುಡುಗ ಜಾಣ, ನಿಜ. ಒಂಟಿಯಾಗಿರಲಿಲ್ಲ ಅನ್ನೋದೂ ನಿಜ.

ನನ್ನ ತಕರಾರು ಫೋನಿನ ಮೇಲೆ ಅಲ್ಲ ಅಂತ ಈಗಾಗಲೇ ಗೊತ್ತಾಗಿರಬೇಕು. ಕಳೆದ ವರ್ಷ ನಾವು ಐದು ಜನ, ಎಲ್ಲ ಬೇರೆ ಬೇರೆ ಆಫೀಸು, ಒಂದು ಸಂಭವನೀಯತೆಯ ಕೋರ್ಸನ್ನ ವಾಟ್ಸಾಪ್ ಗುಂಪು ಮಾಡ್ಕೊಂಡು ಮುಗಿಸಿದ್ವಿ. ಟೀಮುಗಳನ್ನ ಕರಗಿಸ್ತಿದ್ದ ಕಾಲ, ಕಲಿಯದೆ ವಿಧಿಯಿಲ್ಲ ಅನ್ನೋ ಭಯವೇ ನಮ್ಮನ್ನ ಸೇರಿಸಿದ್ದು. ನಿಯಮ ಎರಡೇ. ಗುರುವಾರ ರಾತ್ರಿ ಒಂಬತ್ತೂವರೆಗೆ ಕಾಲ್. ಅದಕ್ಕೆ ಮೊದಲು ಪ್ರತಿಯೊಬ್ಬರೂ ವಿಡಿಯೋ ಎಲ್ಲಿ ನಿಲ್ಲಿಸಿದ್ರಿ, ಯಾಕೆ ನಿಲ್ಲಿಸಿದ್ರಿ ಅಂತ ಒಂದು ವಾಯ್ಸ್ ನೋಟ್ ಹಾಕಬೇಕು. ಅರ್ಥವಾಯ್ತು ಅಂತ ಹೇಳೋ ಹಾಗಿಲ್ಲ.

ನಮ್ಮಲ್ಲಿ ಒಬ್ಬ ಚಳ್ಳಕೆರೆ ಕಡೆಯವನು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಆಫೀಸ್ ಮೀಟಿಂಗುಗಳಲ್ಲಿ ಕ್ಯಾಮೆರಾ ಆಫ್ ಮಾಡ್ಕೊಂಡು ಕೂರುವ ಜಾತಿ. ಕೋರ್ಸಿನ ಚರ್ಚೆಯಲ್ಲಿ ಅವನ ಹೆಸರೇ ಇಲ್ಲ. ನಾಲ್ಕನೇ ವಾರ ಷರತ್ತಿನ ಸಂಭವನೀಯತೆ ಬಂತು. ಗುಂಪಿನ ಒಬ್ಬಳು, ‘ಎ ಆದಾಗ ಬಿ, ಬಿ ಆದಾಗ ಎ, ಎರಡೂ ಒಂದೇ ಅಲ್ವೇನ್ರೋ, ತಲೆ ಕೆಟ್ಟೋಯ್ತು’ ಅಂತ ವಾಯ್ಸ್ ನೋಟ್ ಹಾಕಿದ್ಲು. ಬಸ್ಸಿನ ಹಾರ್ನುಗಳ ನಡುವೆ ಇವನ ಉತ್ತರ ಬಂತು, ನಲವತ್ತು ಸೆಕೆಂಡು ಇರಬಹುದು: ‘ನೋಡೇ, ಮಳೆ ಬಂದಿದೆ ಅಂದ್ರೆ ಮೋಡ ಇತ್ತು ಅಂತ ಕಣ್ಣು ಮುಚ್ಚಿ ಹೇಳಬಹುದು. ಮೋಡ ಇದೆ ಅಂದ್ರೆ ಮಳೆ ಬರುತ್ತೆ ಅಂತ ಹೇಳ್ತೀಯಾ? ನಮ್ಮೂರಿಗೆ ಬಾ, ತೋರಿಸ್ತೀನಿ.’ ಆ ವಾರದ ವಿಡಿಯೋ ನಾನು ಎರಡು ಸಲ ನೋಡಿದ್ದೆ. ನೆನಪಲ್ಲಿ ಉಳಿದಿದ್ದು ಈ ನಲವತ್ತು ಸೆಕೆಂಡು. ಅದಾದ್ಮೇಲೆ ಅವನು ಪ್ರತಿ ಗುರುವಾರ ಮಾತಾಡಿದ.

ಈಗ ಯಾರಾದರೂ ಹೇಳ್ತಾರೆ, ಎಲ್ಲರಿಗೂ ಗುಂಪು ಆಗಿಬರಲ್ಲ. ಸರಿ. ಮಗು ಮಲಗಿದ ಮೇಲೆ ಹನ್ನೊಂದು ಗಂಟೆಗೆ ಪಾಠ ನೋಡೋ ತಾಯಿಗೆ ಗುರುವಾರ ಒಂಬತ್ತೂವರೆ ಅಂದ್ರೆ ಶಿಕ್ಷೆ. ಯಾರ ಮುಖವನ್ನೂ ನೋಡದೆ ಕಲಿಯುವ ಸುಖಕ್ಕೇ ಆನ್‌ಲೈನಿಗೆ ಬಂದವರಿದ್ದಾರೆ. ಅವರ ಬಾಗಿಲು ಹಾಗೇ ತೆರೆದಿರಲಿ. ವಾಯ್ಸ್ ನೋಟಿಗಂತೂ ಗಡಿಯಾರ ಬೇಕಿಲ್ಲ, ಬೆಳಿಗ್ಗೆ ಹಾಕಿದ್ದನ್ನ ರಾತ್ರಿ ಕೇಳಬಹುದು.

ಚಾಟ್‌ಬಾಟ್ ಇದೆಯಲ್ಲ ಅನ್ನೋದು ಇನ್ನೊಂದು ಮಾತು. ಕೋರ್ಸೆರಾ ತನ್ನ ‘ಕೋಚ್’ ಅನ್ನ, ಖಾನ್ ಅಕಾಡೆಮಿ ‘ಖಾನ್‌ಮಿಗೋ’ವನ್ನ 2023ರಲ್ಲಿ ತಂದವು. ಅನುಮಾನ ಕೇಳಿ, ತಕ್ಷಣ ಉತ್ತರ, ನಾಚಿಕೆಯ ಪ್ರಶ್ನೆಯೇ ಇಲ್ಲ. ನಾನೂ ಬಳಸ್ತೀನಿ, ಉಪಯೋಗವಿದೆ. ಆದರೆ ಅವಳು ‘ತಲೆ ಕೆಟ್ಟೋಯ್ತು’ ಅಂತ ಬಾಟ್ ಹತ್ರ ಹೇಳಿಕೊಂಡಿದ್ದರೆ ಅದು ನಮಗ್ಯಾರಿಗೂ ಕೇಳಿಸ್ತಿರಲಿಲ್ಲ. ಇವನ ಬಾಯಿಂದ ಮಳೆ ಮೋಡ ಬರ್ತಿರಲಿಲ್ಲ. ಒಬ್ಬರ ಅನುಮಾನ ಇನ್ನೊಬ್ಬರಿಗೆ ಮೇಷ್ಟ್ರಾಗುವ ಅವಕಾಶ, ಬಾಟ್ ಬಂದು ಅದನ್ನ ಸದ್ದಿಲ್ಲದೆ ನುಂಗಿಬಿಡುತ್ತೆ.

ಎನ್‌ಪಿಟೆಲ್ ಪರೀಕ್ಷೆಗೆ ಖುದ್ದಾಗಿ ಸೆಂಟರಿಗೇ ಹೋಗಬೇಕು. ಒಂದೇ ಊರಿನಲ್ಲಿ, ಒಂದೇ ಕೋರ್ಸನ್ನ, ಹನ್ನೆರಡು ವಾರ ಬೇರೆ ಬೇರೆ ಕೋಣೆಗಳಲ್ಲಿ ಫೋನು ಹಿಡ್ಕೊಂಡು ಕಲಿತವರು ಮೊದಲ ಬಾರಿ ಒಂದು ಹಾಲಿನಲ್ಲಿ ಸೇರ್ತಾರೆ. ಫೋನು ಹೊರಗಿಟ್ಟು ಬರಬೇಕು, ಮಾತಾಡೋ ಹಾಗಿಲ್ಲ. ಮೂರು ಗಂಟೆ ಆದ್ಮೇಲೆ ಕ್ಯಾಬ್ ಬುಕ್ ಮಾಡ್ಕೊಂಡು ಹೊರಟುಹೋಗ್ತಾರೆ. ಈ ಜನರನ್ನ ಹನ್ನೆರಡು ವಾರ ಮೊದಲೇ ಪರಿಚಯ ಮಾಡಿಸೋಕೆ ಏನು ಬೇಕು? ಹೆಸರು ನೋಂದಾಯಿಸುವಾಗ ಆ್ಯಪು ಮೂರು ಪ್ರಶ್ನೆ ಕೇಳಲಿ: ಯಾವ ಊರು, ಯಾವ ಭಾಷೆಯಲ್ಲಿ ಮಾತಾಡೋಕೆ ಇಷ್ಟ, ಯಾವ ಹೊತ್ತು ಬಿಡುವು. ಒಪ್ಪಿದವರನ್ನ ಎಂಟೆಂಟು ಜನರ ಗುಂಪು ಮಾಡಲಿ. ಪ್ರತಿ ವಿಡಿಯೋದಲ್ಲಿ ಒಂದು ಕಡೆ ತಾನೇ ನಿಂತು, ಇಲ್ಲಿ ಏನನ್ನಿಸಿತು ಅಂತ ಗುಂಪಿಗೊಂದು ವಾಯ್ಸ್ ನೋಟ್ ಕೇಳಲಿ. ಅಸೈನ್‌ಮೆಂಟಿನ ಆ ಇಪ್ಪತ್ತೈದರಲ್ಲಿ ಐದು ಅಂಕ, ಗುಂಪಿನವರು ಒಬ್ಬರಿಗೊಬ್ಬರು ಬಿಡಿಸಿ ಹೇಳಿದ್ದಕ್ಕೆ ಸಿಗಲಿ. ಅದರಲ್ಲೂ ಕಳ್ಳಾಟ ನಡೆಯುತ್ತೆ, ಗೊತ್ತು. ಐದು ಅಂಕದ ಆಸೆಗೆ ಮಾತಾಡಿದರೂ ಮಾತಾಡಲಿ. ಕಾಲೇಜುಗಳಲ್ಲಿ ಎನ್‌ಪಿಟೆಲ್‌ನ ಲೋಕಲ್ ಚಾಪ್ಟರುಗಳು, ಮೆಂಟರುಗಳು ಈಗಾಗಲೇ ಇದ್ದಾರೆ. ಕೆಲಸಕ್ಕೆ ಸೇರಿದ ನಮ್ಮಂಥವರಿಗೆ ಆ ಆಸರೆ ಇಲ್ಲ. ಆರ್.ಆರ್. ನಗರದಲ್ಲೋ ವೈಟ್‌ಫೀಲ್ಡಿನಲ್ಲೋ ಇದೇ ಸೆಮಿಸ್ಟರಿಗೆ ಇದೇ ಕೋರ್ಸ್ ತಗೊಂಡ ಇನ್ನೂ ಏಳು ಜನ ಯಾರು ಅಂತ ಆ ಸರ್ವರಿಗೆ ಈ ಕ್ಷಣದಲ್ಲೂ ಗೊತ್ತಿದೆ.